ಬೈಕು ಎಂದು ಬರೆಸಿದ್ದು ನಾನು

ಡಾಕ್ಟರ್ ವಿಲಾಸಿನಿ ಅವರಿಗೆ,

ದೂರದಿಂದಲೇ ಎರಡೂ ಕೈ ಜೋಡಿಸಿ ಹೊಂಗ್‌ಸಾ ಬರೆಯುತ್ತಿರುವ ಕಾಗದ.

ನಿಮ್ಮ ಪತ್ರ ಕೈಸೇರಿ ತಿಂಗಳಾಯಿತು. ಐಸ್ ಲಾರಿಯ ಡ್ರೈವರು ತಂದುಕೊಟ್ಟ. ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು ಮೂರು ದಿನ ಅದನ್ನು ಅಕ್ಕಿಡಬ್ಬಿಯ ಕೆಳಗೆ ಇಟ್ಟಿದ್ದೆ. ನಾಲ್ಕನೆಯ ದಿನ ಒಡೆದು ನೋಡಿದರೆ ಒಳಗೆ ಎರಡೇ ಪ್ರಶ್ನೆ. ಒಂಬತ್ತು ವರ್ಷ ನನ್ನ ಪಕ್ಕ ನಿಂತವಳು ಒಂದು ಮಾತೂ ಹೇಳದೆ ಯಾಕೆ ಹೋದೆ? ನೀನು ದುಭಾಷಿಯಾಗಿ ನಿಂತ ದಿನಗಳಲ್ಲಿ, ರಿಜಿಸ್ಟರಿನ ಕಾರಣದ ಕಾಲಮ್ಮಿನಲ್ಲಿ ‘ಬೈಕು’ ಎಂದು ಬರೆದಿರುವ ಅರವತ್ತಮೂರು ಜನರಲ್ಲಿ ನಿಜವಾಗಿ ಬೈಕಿನಿಂದ ಬಿದ್ದವರು ಎಷ್ಟು ಮಂದಿ?

ಬೈಗುಳ ಒಂದೂ ಇಲ್ಲ. ನೀವು ಬೈದಿದ್ದರೆ ನಾನು ಅಂದೇ ಅತ್ತು, ಅಂದೇ ಬರೆದು ಮುಗಿಸುತ್ತಿದ್ದೆನೇನೋ. ನೀವು ಎಂದಿನಂತೆ ಕೆಲಸದ ಮಾತನ್ನಷ್ಟೇ ಕೇಳಿದ್ದೀರಿ. ಅದಕ್ಕೇ ಇಷ್ಟು ದಿನ ಹಿಡಿಯಿತು. ಸುಸ್ತಾಗಿದೆ ಡಾಕ್ಟ್ರೇ. ಒಂದು ಪುಟ ಬರೆಯುತ್ತೇನೆ, ಮಲಗಿಬಿಡುತ್ತೇನೆ, ಎದ್ದು ಮತ್ತೆ ಅರ್ಧ ಪುಟ. ನಿಮ್ಮ ಥಾಯ್ ಅಕ್ಷರ ನನ್ನ ಕೈಗೆ ಈಗಲೂ ಪೂರಾ ಬಗ್ಗಿಲ್ಲ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ.

ನಾನು ನಿಮ್ಮ ಆಸ್ಪತ್ರೆಗೆ ಬಂದದ್ದು ಸಿಗಡಿ ಸುಲಿಯುವ ಶೆಡ್ಡಿನಿಂದ. ಗಡಿಯಾಚೆ ಮುಡೋನ್ ಊರಿನ ಕಡೆಯ ಮೊನ್ ಜನಾಂಗದ ಹೆಂಗಸು ಒಬ್ಬಳಿಗೆ ಮೊನ್, ಬರ್ಮೀಸ್, ಥಾಯ್ ಮೂರೂ ಬರುತ್ತದೆ ಎಂದು ಯಾರೋ ನಿಮ್ಮ ಹೆಡ್ ನರ್ಸಿಗೆ ಹೇಳಿದ್ದರು. ಮೊದಲ ವಾರ ನನ್ನ ಬೆರಳುಗಳಿಂದ ಸಿಗಡಿ ವಾಸನೆ ಹೋಗಿರಲಿಲ್ಲ. ರೋಗಿಗಳ ಬಾಯಿಯ ಹತ್ತಿರ ಕೈ ಒಯ್ಯಲು ನಾಚಿಕೆ. ಎರಡನೆಯ ವಾರ ಐಸ್ ಕಾರ್ಖಾನೆಯ ಹುಡುಗಿಯೊಬ್ಬಳು ಬಂದಳು, ಬೈಕಿನಿಂದ ಬಿದ್ದವಳು. ಗದ್ದದ ಮೇಲೆ ಎರಡು ಹೊಲಿಗೆಯಷ್ಟು ಗಾಯ. “ಸಣ್ಣ ಗಾಯ ಡಾಕ್ಟ್ರೇ, ಹೊಲಿದು ಕಳಿಸಿಬಿಡೋಣ” ಎಂದು ನಾನೇ ದೊಡ್ಡ ಡಾಕ್ಟರಂತೆ ಹೇಳಿದೆ. ನೀವು ಅವಳ ಎರಡೂ ಕಿವಿಯ ಮುಂದೆ ಬೆರಳಿಟ್ಟು ಮೆಲ್ಲಗೆ ಒತ್ತಿದಿರಿ. ಹುಡುಗಿ ಕಿಟಾರನೆ ಕಿರುಚಿದಳು.

“ಗದ್ದ ರಸ್ತೆಗೆ ಬಡಿದ್ರೆ ಮುರಿಯೋದು ಕಿವಿ ಹತ್ರ, ಹೊಂಗ್‌ಸಾ. ಏಟು ಬಿದ್ದ ಕಡೆ ಒಂದೇ ನೋಡ್ಬೇಡ.”

ನನಗೆ ಅರ್ಥವಾಗಲಿಲ್ಲ ಎಂದು ನಿಮಗೆ ಗೊತ್ತಾಯಿತು. ಮಧ್ಯಾಹ್ನ ಚಹಾದ ಜೊತೆ ನಾನು ತಿನ್ನುತ್ತಿದ್ದ, ನಡುವೆ ತೂತಿರುವ ಬಳೆಯಂಥ ಬಿಸ್ಕತ್ತು ನನ್ನ ಕೈಗೇ ಕೊಟ್ಟು, “ಇದನ್ನ ಒಂದೇ ಕಡೆ ಮುರಿ ನೋಡೋಣ” ಅಂದಿರಿ. ಒಂದಾದ ಮೇಲೆ ಒಂದು, ಆರು ಬಿಸ್ಕತ್ತು ಮುರಿದೆ. ಪ್ರತಿ ಸಲವೂ ಎರಡು ಕಡೆ. “ದವಡೆನೂ ಹಂಗೇ. ಒಂದು ಮುರಿತ ಸಿಕ್ತು ಅಂತ ಸುಮ್ನಾಗಬಾರ್ದು, ಇನ್ನೊಂದನ್ನ ಹುಡುಕ್ಬೇಕು.” ಹೆಡ್ ನರ್ಸು ಬಿಸ್ಕತ್ತಿನ ಪುಡಿ ನೋಡಿ, “ಇದನ್ನ ಗುಡಿಸೋರು ಯಾರು, ದವಡೇನಾ?” ಎಂದು ಗೊಣಗಿದರು. ಆ ದಿನ ನಾನು ಎಷ್ಟು ನಕ್ಕಿದ್ದೆ!

ಆಮೇಲೆ ನನಗೂ ಮುಖ ಓದುವ ಚಟ ಹತ್ತಿತು. ಜಾತ್ರೆಯ ನಾಟಕ ಮುಗಿದ ಮರುದಿನ ಬರುವ ಹುಡುಗರಿಗೆ ಎಡ ದವಡೆಯ ಹಿಂದಿನ ಮೂಲೆಯೇ ಯಾಕೆ ಮುರಿದಿರುತ್ತದೆ? ಗುದ್ದುವವನು ಬಲಗೈಯವನು, ಅದಕ್ಕೆ. ಅರೆತಲೆಯ ಹೆಲ್ಮೆಟ್ ಹಾಕಿದವನ ತಲೆ ಉಳಿಯುತ್ತದೆ, ಗದ್ದ, ಹಲ್ಲು, ಮೂಗು ಹೋಗುತ್ತವೆ. ಬಚ್ಚಲಲ್ಲಿ ಜಾರಿದ ಅಜ್ಜಿಯರಿಗೆ ಹಲ್ಲಿಲ್ಲದ ದವಡೆ ಒಣ ಕಡ್ಡಿಯ ಹಾಗೆ ಲಟಕ್ಕೆನ್ನುತ್ತದೆ. ನೀವು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುವ ಮೊದಲೇ ನಾನು ಮನಸ್ಸಿನಲ್ಲಿ ಒಂದು ಹೇಳಿಕೊಳ್ಳುತ್ತಿದ್ದೆ. ಹತ್ತರಲ್ಲಿ ಏಳು ಸಲ ಸರಿಯಿರುತ್ತಿತ್ತು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ ಎಂಬುದಕ್ಕೆ ಹೇಳುತ್ತಿದ್ದೇನೆ.

ಮೊದಲನೆಯವನು ಪನ್ನ. ನಲವತ್ತು ದಾಟಿದ ಮನುಷ್ಯ, ಮೀನುದೋಣಿಯವನು. ಪ್ರಸೋಂಗ್ ಅವನನ್ನು ಪಿಕಪ್ಪಿನ ಹಿಂದೆ ಮಲಗಿಸಿಕೊಂಡು ಬಂದ. ಪ್ರಸೋಂಗನನ್ನು ನೀವು ಬಲ್ಲಿರಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಮಗೆ ಬಾಗಿ ನಮಸ್ಕರಿಸುತ್ತಿದ್ದನಲ್ಲ, ದಕ್ಕೆಯ ಮೇಸ್ತ್ರಿ. ನಿಮಗೆ ಗೊತ್ತಿರದ ಸಂಗತಿ ಎಂದರೆ ದೋಣಿಯವರೆಲ್ಲರ ಕೆಲಸದ ಕಾರ್ಡು ಅವನ ಮೇಜಿನ ಖಾನೆಯಲ್ಲಿರುತ್ತಿತ್ತು. ಕಾರ್ಡಿಲ್ಲದವನು ಪೊಲೀಸರ ಕಣ್ಣಿಗೆ ಬಿದ್ದರೆ ಸೀದಾ ಗಡಿಯಾಚೆ. “ಬೈಕು” ಅಂದ ಪ್ರಸೋಂಗ್ ಬಾಗಿಲಲ್ಲೇ. ನಾನು ಪನ್ನನ ಕಿವಿಯ ಹತ್ತಿರ ಬಗ್ಗಿ ನಮ್ಮ ಭಾಷೆಯಲ್ಲಿ ಕೇಳಿದೆ. ಬಾಯ್ತುಂಬ ರಕ್ತ. ಅದರ ಮಧ್ಯೆಯೇ ಅವನು ಹೇಳಿದ್ದು, “ಹಗ್ಗ. ವಿಂಚಿನ ಹಗ್ಗ ಕಡೀತು.” ಬಲೆ ಎಳೆಯುವ ಆ ಯಂತ್ರದ ಹಗ್ಗ ಹಳತಾಗಿತ್ತು, ಬಿಗಿಯಾಗಿ ಎಳೆಯುತ್ತಿರುವಾಗ ತುಂಡಾಗಿ ಚಾಟಿಯ ಹಾಗೆ ತಿರುಗಿ ಮುಖಕ್ಕೆ ಬಡಿದಿತ್ತು. ಆಮೇಲೆ ಅವನು ನನ್ನ ಲುಂಗಿಯ ಅಂಚು ಹಿಡಿದುಕೊಂಡ. “ಅಕ್ಕಾ, ಬೈಕು ಅಂತ್ಲೇ ಅನ್ನಿ. ಕಾರ್ಡು ಅವನ ಹತ್ರ ಇದೆ.”

ನಾನು ಬೈಕು ಅಂದೆ. ನೀವು ಬರೆದುಕೊಂಡಿರಿ. ಆ ಒಂದು ಮಾತು ಆಡಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

ಅವನ ಮುಖ ನೋಡುತ್ತ ನೀವು ಬಹಳ ಹೊತ್ತು ನಿಂತಿರಿ. ಮೇಲಿನ ಹಲ್ಲುಸಾಲನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಿರಿ. ಮುಖದ ನಡುಭಾಗವೇ ಸಡಿಲಾದ ಮೇಜಿನ ಖಾನೆಯ ಹಾಗೆ ಮುಂದಕ್ಕೂ ಹಿಂದಕ್ಕೂ ಸರಿಯಿತು. ಮೂಗಿನ ಬುಡ, ಎಡಗೆನ್ನೆಯ ಮೂಳೆ, ಮೇಲ್ದವಡೆ, ಎಲ್ಲ ಒಂದೇ ಗೆರೆಯಲ್ಲಿ ಮುರಿದಿದ್ದವು. ಗದ್ದದ ಮೇಲೆ ಒಂದು ತರಚುಗಾಯವೂ ಇಲ್ಲ. ಅವನ ಅಂಗೈ ಬಿಡಿಸಿ ನೋಡಿದಿರಿ, ಮೊಣಕಾಲು ನೋಡಿದಿರಿ.

“ಬೀಳೋ ಮನುಷ್ಯ ಕೈ ಊರದೇ ಇರ್ತಾನಾ? ಇವನೇನು ಕೈ ಜೇಬಲ್ಲಿಟ್ಕೊಂಡು ಬಿದ್ನಾ? ಕೇಳು ಹೊಂಗ್‌ಸಾ, ಹೆಂಗೆ ಬಿದ್ದ ಅಂತ ಕೇಳು.”

ನಾನು ಅವನನ್ನು ಕೇಳಿದ್ದು ಏನು ಗೊತ್ತೇ? “ಬೆಳಿಗ್ಗೆ ಏನ್ ತಿಂದೆ?” ಎಂದು ಕೇಳಿದೆ. ಅವನ ತುಟಿ ಅಲ್ಲಾಡುವುದು ನಿಮಗೆ ಕಾಣಬೇಕಿತ್ತು, ಅಷ್ಟೆ. ಅವನು ಬಿಕ್ಕುತ್ತ “ಗಂಜಿ” ಅಂದ. ನಾನು ನಿಮ್ಮ ಕಡೆ ತಿರುಗಿ, “ನೆನಪಿಲ್ಲ ಅಂತಾನೆ” ಅಂದೆ.

ಆಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಎಲ್ಲರದೂ ಎಡಗೆನ್ನೆ, ಎಲ್ಲರದೂ ಅದೇ ಗೆರೆ, ಯಾರ ಅಂಗೈಯೂ ತರಚಿಲ್ಲ. ನಿಮಗೆ ಅನುಮಾನ ಇತ್ತು. ಆದರೆ ಮೂಳೆಗಿಂತ ಹೆಚ್ಚಾಗಿ ನನ್ನನ್ನು ನಂಬಿದಿರಿ. ಒಂದು ವರ್ಷ ನಿಮ್ಮ ಪಟ್ಟಿಯ ಆಧಾರದ ಮೇಲೆಯೇ ಪುರಸಭೆಯವರು ಆಸ್ಪತ್ರೆಯ ಗೇಟಿನಲ್ಲಿ ದೊಡ್ಡ ಬೋರ್ಡು ನಿಲ್ಲಿಸಿದರು, ಬೈಕು ಮುಖ ಮುರಿಯುತ್ತದೆ, ಪೂರ್ತಿ ಹೆಲ್ಮೆಟ್ ಹಾಕಿ ಎಂದು. ನೀವು ಅದರ ಕೆಳಗೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆಸಿದಿರಿ. “ಇದರಲ್ಲಿ ಅರ್ಧ ನಿನ್ನ ಕೆಲಸ” ಅಂದಿರಿ. ಆ ಫೋಟೋ ನಾನು ಯಾರಿಗೂ ತೋರಿಸಲಿಲ್ಲ.

ನನ್ನ ತಮ್ಮ ತಿಹಾ ಆಗ ಪ್ರಸೋಂಗನ ದೋಣಿಯಲ್ಲೇ ಇದ್ದ. ನಿಮಗೆ ಅವನ ವಿಷಯ ಒಮ್ಮೆಯೂ ಹೇಳಿರಲಿಲ್ಲ. ಪ್ರಸೋಂಗ್ ಎಂದೂ ಗದರಿದವನಲ್ಲ. ಒಮ್ಮೆ ಔಷಧಿ ಕೌಂಟರಿನ ಮುಂದೆ ಸಾಲಿನಲ್ಲಿ ನನ್ನ ಹಿಂದೆ ನಿಂತು, ಹವಾಮಾನದ ಮಾತಾಡುವವನ ಹಾಗೆ ಅಂದಿದ್ದ, “ನಿನ್ ತಮ್ಮ ಚೆನ್ನಾಗಿದಾನೆ ಕಣಮ್ಮ. ಗಟ್ಟಿ ಆಳು. ಚೆನ್ನಾಗೇ ಇರ್ಲಿ.” ಅಷ್ಟೇ. ಅವತ್ತು ಮನೆಗೆ ಹೋಗಿ ಅನ್ನ ಸೀಯಿಸಿದೆ.

ಈಗ ಒಂಗ್ ಚಾನನ ಮಾತಿಗೆ ಬರುತ್ತೇನೆ. ಇದನ್ನು ಬರೆಯಲು ಕೂತು ಎರಡು ಸಲ ಎದ್ದುಹೋಗಿದ್ದೇನೆ.

ಇಪ್ಪತ್ತಾರು ವರ್ಷದವನು. ಮೂರನೆಯ ಮಂಚ, ಕಿಟಕಿಯ ಪಕ್ಕ. ಮೇಲಿನ ದವಡೆಯನ್ನೂ ಕೆಳಗಿನದನ್ನೂ ಸೇರಿಸಿ ತಂತಿ ಕಟ್ಟಿ ಆರು ವಾರ ಬಾಯಿ ಮುಚ್ಚಿಸಿದ್ದಿರಿ. ಮಾತುಗಾರನಿಗೆ ಮಾತು ಹೋಯಿತು. ಆದರೂ ಸುಮ್ಮನಿರಲಿಲ್ಲ. ಮೂಗಲ್ಲೇ ಹಾಡು ಗುನುಗುತ್ತಿದ್ದ, ಸ್ಟ್ರಾದಲ್ಲಿ ಗಂಜಿ ಹೀರುತ್ತ ಕಣ್ಣಲ್ಲೇ ಹೆಡ್ ನರ್ಸಿನ ನಡಿಗೆಯ ಅಣಕ ಮಾಡುತ್ತಿದ್ದ. ಕಾಗದದಲ್ಲಿ ಬರೆದು ತೋರಿಸುತ್ತಿದ್ದ: “ಅಕ್ಕಾ, ಈ ಗಂಜಿಲಿ ಮೀನಿನ ನೆರಳಾದ್ರೂ ಬಿದ್ದಿತ್ತಾ?” ಅವನನ್ನು ಸೇರಿಸಿಕೊಂಡ ದಿನ ಎಚ್ಚರವಿರಲಿಲ್ಲ. ಪ್ರಸೋಂಗ್ ಬೈಕು ಅಂದ, ನಾನು ಬೈಕು ಅಂದೆ.

ಹತ್ತನೆಯ ದಿನವೋ ಏನೋ, ಬೆಳಗಿನ ಸುತ್ತಿನಲ್ಲಿ ಅವನು ನಿಮಗೇ ಒಂದು ಹಾಳೆ ಕೊಟ್ಟ. ಪೆನ್ಸಿಲಿನಲ್ಲಿ ಬರೆದ ಚಿತ್ರ. ಉರುಳೆಯ ಹಾಗಿನ ವಿಂಚು, ಅದಕ್ಕೆ ಸುತ್ತಿದ ಹಗ್ಗ, ಪಕ್ಕದಲ್ಲಿ ಒಬ್ಬ ಮನುಷ್ಯ, ಹಗ್ಗ ಕಡಿದು ಗಾಳಿಯಲ್ಲಿ ಹಾರಿದ್ದು. ಕೆಳಗೆ ನಮ್ಮ ಲಿಪಿಯಲ್ಲಿ ಎರಡು ಸಾಲು: ‘ಹೀಗಾಯಿತು. ಹಗ್ಗ ಬದಲಿಸಲು ಹೇಳಿ, ಇನ್ನೂ ನಾಲ್ಕು ಜನ ಅಲ್ಲೇ ನಿಲ್ಲುತ್ತಾರೆ.’

“ಏನಿದು, ಹೊಂಗ್‌ಸಾ?” ಎಂದು ನೀವು ಕೇಳಿದಿರಿ.

ಬಾಗಿಲಲ್ಲಿ ಪ್ರಸೋಂಗ್ ಇರಲಿಲ್ಲ. ಯಾರೂ ನನ್ನ ಲುಂಗಿಯ ಅಂಚು ಹಿಡಿದಿರಲಿಲ್ಲ. ಆ ನಾಲ್ಕು ಜನರಲ್ಲಿ ತಿಹಾ ಒಬ್ಬ ಎಂದೂ ನನಗೆ ಗೊತ್ತಿತ್ತು. ಹಗ್ಗ ಬದಲಾದರೆ ಅವನ ಮುಖ ಉಳಿಯುತ್ತದೆ, ಹೇಳಿದರೆ ಅವನ ಕಾರ್ಡು ಹೋಗುತ್ತದೆ. ನನ್ನ ತಲೆಯಲ್ಲಿ ಕಾರ್ಡೇ ಮುಂದೆ ಬಂತು.

“ಊರಿನ ನೆನಪಂತೆ ಡಾಕ್ಟ್ರೇ. ಅವರ ಹಳ್ಳಿಯ ಎಣ್ಣೆ ಗಾಣ” ಅಂದೆ.

ನೀವು ನಕ್ಕಿರಿ. ಅವನ ಹೆಗಲು ತಟ್ಟಿ, “ಚೆನ್ನಾಗಿ ಬರೀತಾನೆ” ಎಂದು ಹೇಳಿ, ಆ ಹಾಳೆಯನ್ನು ವಾರ್ಡಿನ ಗೋಡೆಗೆ ಅಂಟಿಸಲು ನರ್ಸಿಗೆ ಕೊಟ್ಟಿರಿ. ಒಂಗ್ ಚಾನ್ ಗೋಡೆಯನ್ನು ನೋಡಿದ, ನಿಮ್ಮನ್ನು ನೋಡಿದ, ಕೈಮುಗಿದ. ಅವನ ಕಣ್ಣುಗಳು ತುಂಬಿದ್ದವು. ಉಳಿದವರ ಸುಳ್ಳನ್ನು ಅವರು ಬೇಡಿಕೊಂಡರು ಎಂದಾದರೂ ಹೇಳಬಹುದು. ಇವನು ಬೇಡಿಕೊಂಡಿರಲಿಲ್ಲ.

ತಂತಿ ಬಿಚ್ಚಿಸಿಕೊಂಡು ಅದೇ ದೋಣಿಗೆ ಹೋದ. ಎಂಟು ತಿಂಗಳ ಮೇಲೆ ಮತ್ತೆ ಬಂದ. ಅದೇ ಕೆನ್ನೆ, ಮೂಳೆಗೆ ನೀವು ಕೂರಿಸಿದ್ದ ಲೋಹದ ಪಟ್ಟಿಯೇ ಬಾಗಿಹೋಗಿತ್ತು, ಎಡಗಣ್ಣು ಇರಲಿಲ್ಲ. ಅಷ್ಟರಲ್ಲಿ ಅವನು ಒಂದಿಷ್ಟು ಥಾಯ್ ಕಲಿತಿದ್ದ. ನೀವು ನನ್ನ ಕಡೆ ತಿರುಗುವ ಮೊದಲೇ ಅವನೇ ಹೇಳಿದ, ತೊದಲುತ್ತ, ಒಂದೊಂದೇ ಶಬ್ದ ಹುಡುಕಿ, “ಹಗ್ಗ, ಡಾಕ್ಟ್ರಮ್ಮ. ಮೊದ್ಲೂ ಹಗ್ಗ. ಈಗ್ಲೂ ಹಗ್ಗ.”

ನೀವು ಹಳೆಯ ಕಡತ ತೆಗೆದಿರಿ. “ಇಲ್ಲಿ ಬೈಕು ಅಂತಿದೆಯಲ್ಲ?”

ಬೈಕು ಎಂಬ ಶಬ್ದ ಅವನಿಗೆ ಗೊತ್ತಿತ್ತು. ಉಳಿದಿದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದ. ನೀವೂ ನೋಡಿದಿರಿ. ನೀವು ಕೂಗಾಡಲಿಲ್ಲ, ಕಡತ ಎಸೆಯಲಿಲ್ಲ. ಗಾಯ ತೊಳೆದು ಮುಗಿಸಿ, ಗ್ಲೌಸು ಕಳಚಿ, ನಿಧಾನವಾಗಿ ಹೇಳಿದಿರಿ, “ಕೇಳು ಹೊಂಗ್‌ಸಾ. ಏನಾಯ್ತು ಅಂತ ಇನ್ನೊಂದ್ಸಲ ಕೇಳು. ಅವನು ಹೇಳಿದ್ದನ್ನ ಹೇಳು.”

ಕೇಳಿದೆ. ಅವನು ನಮ್ಮ ಭಾಷೆಯಲ್ಲಿ ಹೇಳಿದ. ನಾನು ಒಂದು ಶಬ್ದವನ್ನೂ ಬಿಡದೆ ನಿಮಗೆ ಹೇಳಿದೆ. ನಿಮಗೆ ನೆನಪಿರಬಹುದು, ನನ್ನ ಬಾಯಿಂದಲೇ ಬಂದದ್ದು: “ಡಾಕ್ಟ್ರಮ್ಮನಿಗೆ ಚಿತ್ರ ಬರೆದು ಕೊಟ್ಟೆ. ಅವ್ರು ಎಲ್ರಿಗೂ ಕಾಣ್ಲಿ ಅಂತ ಗೋಡೆಗೆ ಅಂಟಿಸಿದ್ರು. ಸರ್ಕಾರದೋರು ಯಾರಾದ್ರೂ ಬಂದು ಹಗ್ಗ ನೋಡ್ತಾರೆ ಅಂತ ಕಾದೆ. ದೋಣಿ ದಕ್ಕೆಗೆ ಬಂದಾಗೆಲ್ಲ ಕಾದೆ. ಯಾರೂ ಬರ್ಲಿಲ್ಲ.”

ನೀವು ಕುರ್ಚಿಯಲ್ಲಿ ಕೂತುಬಿಟ್ಟಿರಿ. ಒಂಬತ್ತು ವರ್ಷದಲ್ಲಿ ರೋಗಿಯ ಮುಂದೆ ನೀವು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅಂದು ಸಂಜೆ ಹೆಡ್ ನರ್ಸಿನ ಮೇಜಿನ ಮೇಲೆ ಗುರುತಿನ ಚೀಟಿ ಇಟ್ಟು ಬಂದೆ. ಮರುದಿನ ಬಂದು ನಿಮ್ಮ ಪಕ್ಕ ನಿಂತು ಇನ್ನೊಬ್ಬ ರೋಗಿಯ ಮಾತನ್ನು ಹೇಳಿದರೆ, ನೀವು ಅದನ್ನು ನಂಬುವುದೋ ಬಿಡುವುದೋ ಎಂದು ಯೋಚಿಸುವುದನ್ನು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ.

ಒಂಗ್ ಚಾನನನ್ನು ಒಂದು ಸಲ ಕಂಡೆ. ಊರಿಗೆ ಹೊರಟಿದ್ದಾನೆಂದು ಕೇಳಿ ಬಸ್ ನಿಲ್ದಾಣಕ್ಕೆ ಹೋದೆ. ಕಣ್ಣಿಗೆ ಬಿಳಿ ಪಟ್ಟಿ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಲಿತುಕೊಂಡು ಹೋಗಿದ್ದೆ. ಅವನೇ ಶುರುಮಾಡಿದ. “ಗಾಣ ಅಂದ್ರಂತಲ್ಲ ಅಕ್ಕಾ! ಒಂದು ಎತ್ತನ್ನಾದ್ರೂ ಬರೀಬೇಕಿತ್ತು ನಾನು.” ನಗಲು ಹೋದ, ಕೆನ್ನೆ ಎಳೆದು ಅರ್ಧಕ್ಕೇ ನಿಲ್ಲಿಸಿದ. ಚೀಲದ ಬಾಯಿಗೆ ಗಂಟು ಹಾಕುತ್ತ ಕೇಳಿದ, “ಒಂದು ಹೇಳಿ. ಆ ಸಲ ನಾನೇನಾದ್ರೂ ಸುಳ್ಳು ಹೇಳಿ ಅಂತ ನಿಮ್ಮನ್ನ ಕೇಳ್ಕೊಂಡಿದ್ನಾ? ಜ್ವರ ಇತ್ತು, ನಂಗೆ ನೆನಪಿಲ್ಲ.”

“ಇಲ್ಲ ಕಣಪ್ಪ. ನೀನು ಕೇಳ್ಕೊಂಡಿರ್ಲಿಲ್ಲ.”

“ಸರಿ. ನಾನೇ ಅಂದ್ನೇನೋ ಅಂತ ಇಷ್ಟು ದಿನ ತಲೆ ಕೆಡಿಸ್ಕೊಂಡಿದ್ದೆ.” ಅಷ್ಟು ಹೇಳಿ ಬಸ್ಸು ಹತ್ತಿದ. ಕ್ಷಮಿಸಿದೆ ಅನ್ನಲಿಲ್ಲ, ಶಾಪವನ್ನೂ ಹಾಕಲಿಲ್ಲ. ಕಿಟಕಿಯ ಪಕ್ಕ ಕೂತು ಚೀಲದಿಂದ ಬಾಳೆಹಣ್ಣು ತೆಗೆದು, ಮುಂದಿನ ಹಲ್ಲಿನಿಂದ ಸ್ವಲ್ಪ ಸ್ವಲ್ಪವೇ ಕಚ್ಚುತ್ತಿದ್ದ.

ನೀವು ಸುಮ್ಮನಿರಲಿಲ್ಲ ಎಂದು ಕೇಳಿದೆ. ಆ ಎಕ್ಸ್‌ರೇಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ನೀವೇ ಹೋದಿರಂತೆ, ಮೂರು ಸಲ ವಾಪಸು ಕಳಿಸಿದರೂ ಹೋದಿರಂತೆ. ಕೊನೆಗೆ ಯಾರೋ ಬಂದು ಹಗ್ಗಗಳನ್ನು ತೆಗೆಸಿ, ವಿಂಚಿನ ಮುಂದೆ ಕಬ್ಬಿಣದ ಜಾಲರಿ ಹಾಕಿಸಿದರಂತೆ, ಎಲ್ಲ ದೋಣಿಗಳಿಗೂ ಅಲ್ಲ, ಕೆಲವಕ್ಕೆ. ಪ್ರಸೋಂಗ್ ಬೇರೆ ದಕ್ಕೆಗೆ ಹೋದನಂತೆ. ಅಲ್ಲಿಯೂ ಒಂದು ಮೇಜು, ಒಂದು ಖಾನೆ ಇದ್ದೇ ಇರುತ್ತದೆ. ಇದನ್ನೆಲ್ಲ ಕೇಳಿದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೈಯಲ್ಲಿ ಇಷ್ಟು ದಿನ ಹಿಡಿದು ನಿಂತಿದ್ದ ಬಿಗಿ ಸಡಿಲವಾಗಿ, ಹಗಲಲ್ಲೇ ಗೋಡೆಗೆ ಒರಗಿ ನಿದ್ದೆಹೋದೆ.

ಇನ್ನು ಎರಡನೆಯ ಪ್ರಶ್ನೆ. ಈ ಕಾಗದದ ಜೊತೆ ಆರು ಹಾಳೆ ಇಟ್ಟಿದ್ದೇನೆ. ಅರವತ್ತಮೂರು ಜನರೂ ಅದರಲ್ಲಿದ್ದಾರೆ. ಕೆಲವರ ಹೆಸರು ಮರೆತಿದೆ, ಮುಖ ಮರೆತಿಲ್ಲ. ಅಂಥ ಕಡೆ ಮಂಚದ ಸಂಖ್ಯೆಯನ್ನೂ ಮುರಿದ ಮೂಳೆಯನ್ನೂ ಬರೆದಿದ್ದೇನೆ, ನಿಮಗೆ ಅಷ್ಟು ಸಾಕು. ಮೂವತ್ತೊಂದು ಜನ ನಿಜವಾಗಿಯೂ ಬೈಕಿನಿಂದ ಬಿದ್ದವರು. ಆದ್ದರಿಂದ ಗೇಟಿನ ಬೋರ್ಡನ್ನು ತೆಗೆಸಬೇಡಿ. ಇಪ್ಪತ್ತೆರಡು ಜನರದು ಹಗ್ಗ. ನಾಲ್ವರದು ಗುದ್ದು. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು, ಒಬ್ಬರನ್ನೊಬ್ಬರು ಹೊಡೆದುಕೊಂಡು ಒಂದೇ ದಿನ ಬಂದವರು. ಈ ನಾಲ್ವರಲ್ಲದೆ ಒಬ್ಬನನ್ನು ಹೆಂಡತಿ ಕುಟ್ಟಾಣಿಯಿಂದ ಹೊಡೆದದ್ದು. ಯಾರಿಗೂ ಹೇಳಬೇಡಿ ಎಂದು ಅವನು ಕಾಲಿಗೇ ಬಿದ್ದಿದ್ದ, ಅವನ ಹೆಸರು ಮಾತ್ರ ಬರೆದಿಲ್ಲ. ಉಳಿದ ಐವರದು ನನಗೆ ನೆನಪಿಲ್ಲ. ಇವರೂ ಬೈಕಿನವರೇ ಇರಬೇಕು ಎಂದು ಬರೆಯಲು ಪೆನ್ನು ಊರಿದ್ದೆ. ಬರೆಯಲಿಲ್ಲ. ಆ ಐದು ಸಾಲು ಖಾಲಿ ಇವೆ. ಖಾಲಿಯಾಗಿಯೇ ಇರಲಿ.

ಕೊನೆಗೊಂದು ಮಾತು, ನೀವು ಕೇಳದೇ ಇದ್ದದ್ದು. ತಿಹಾ ಈಗ ನನ್ನ ಜೊತೆ ಇದ್ದಾನೆ. ನಿಮ್ಮಿಂದಾಗಿ ಇಲಾಖೆಯವರು ಬಂದ ವಾರವೇ, ನನ್ನ ತಮ್ಮ ಎಂಬ ಕಾರಣಕ್ಕೆ ದೋಣಿಯವರು ಅವನನ್ನು ಕೆಲಸದಿಂದ ಇಳಿಸಿದರು. ಇಲ್ಲಿಯವನೊಬ್ಬ ಮಾಲೀಕ ಕಾರ್ಡು ಮಾಡಿಸಿಕೊಟ್ಟಿದ್ದಾನೆ, ಅದು ತಿಹಾನ ಜೇಬಿನಲ್ಲೇ ಇರುತ್ತದೆ. ಇಬ್ಬರೂ ಸ್ಕ್ವಿಡ್ ಮೀನು ಒಣಗಿಸುವ ಅಂಗಳದಲ್ಲಿ ಕೆಲಸ ಮಾಡುತ್ತೇವೆ. ಅವನಿಗೆ ಸಿಟ್ಟು ಇಳಿದಿಲ್ಲ. “ಸಮುದ್ರ ಬಿಡಿಸ್ದೆ, ಈಗ ಹೆಂಗಸ್ರ ಜೊತೆ ಕೂತು ಸ್ಕ್ವಿಡ್ ತಿರುವಿ ಹಾಕೋ ಹಂಗೆ ಮಾಡ್ದೆ” ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಾನೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಂಗಳದ ಅಂಚಿಗೆ ಕೂತು, ಚಕ್ಕಳದಷ್ಟು ಗಟ್ಟಿಯಾದ ಒಣ ಸ್ಕ್ವಿಡ್ಡನ್ನು ಕೆಂಡದ ಮೇಲೆ ಸುಟ್ಟು, ಎಡಗಡೆಯ ಹಲ್ಲಿನಿಂದ ಎಳೆದು ಹರಿದು, ಜೋರಾಗಿ ಸದ್ದು ಮಾಡುತ್ತ ಜಗಿಯುತ್ತಾನೆ. ಪಕ್ಕದವರಿಗೆಲ್ಲ ಕಿರಿಕಿರಿ. “ಮೆಲ್ಲಗೆ ತಿನ್ನೋಕ್ಕಾಗಲ್ವೇನೋ?” ಎಂದು ಅವರು ಬೈಯುತ್ತಾರೆ. ನಾನು ಮಾತ್ರ ತಟ್ಟೆ ಕೆಳಗಿಟ್ಟು ಅದನ್ನೇ ಕೇಳುತ್ತ ಕೂತಿರುತ್ತೇನೆ.

ನಿಮ್ಮ ಬೆರಳುಗಳಿಗೆ ನಡುಕ ಬಾರದಿರಲಿ. ನಿಮ್ಮ ಪಕ್ಕದಲ್ಲಿ ಈಗ ನಿಂತಿರುವ ದುಭಾಷಿಗೆ ಹೆದರಿಕೆ ಕಡಿಮೆ ಇರಲಿ, ಇದ್ದರೆ ಅವಳಿಗೂ ತಮ್ಮನೊಬ್ಬ ಇದ್ದಾನೆಯೇ ಎಂದು ನೀವೇ ಒಮ್ಮೆ ಕೇಳಿ.

ನಿಮ್ಮ ಮಾತನ್ನು ಹೇಳುತ್ತಿದ್ದವಳು,
ಮಿ ಹೊಂಗ್‌ಸಾ